ಐದು ಫಾರ್ವರ್ಡು, ಒಂದೇ ಚೆಂಡು

ಎದುರಿಗಿದ್ದವರ ಮುಖ ನೋಡಿ 'ಆಗಲ್ಲ' ಅನ್ನುವ ವಿದ್ಯೆಯೊಂದನ್ನು ಬಿಟ್ಟರೆ ಪರೀಕ್ಷೆ ಮೇಷ್ಟ್ರಿಗೆ ಉಳಿದದ್ದೆಲ್ಲ ಅಷ್ಟಿಷ್ಟು ಬರುತ್ತಿತ್ತು. ಆ ಮಹಿಳಾ ಕಾಲೇಜಿನಲ್ಲಿ ಅವರು ಪಾಠ ಮಾಡುತ್ತಿದ್ದದ್ದು ವಾಣಿಜ್ಯಶಾಸ್ತ್ರ. ಆದರೆ ಪರೀಕ್ಷೆ ಬಂತೆಂದರೆ ಯಾರು ಎಲ್ಲಿ ಕೂರಬೇಕು, ಬೆಂಚಿಗೂ ಬೆಂಚಿಗೂ ಎಷ್ಟು ದೂರ ಇರಬೇಕು, ಗಂಟೆ ಯಾರು ಹೊಡೆಯಬೇಕು ಎನ್ನುವ ಜವಾಬ್ದಾರಿಯೆಲ್ಲ ಅವರ ಕುತ್ತಿಗೆಗೇ ಬೀಳುತ್ತಿತ್ತು. ಉಳಿದ ಅಧ್ಯಾಪಕರೆಲ್ಲ ಆಗಲ್ಲ ಅಂದಿದ್ದರು, ಇವರು ಅಂದಿರಲಿಲ್ಲ, ಅಷ್ಟೇ ವ್ಯತ್ಯಾಸ. ಹುಡುಗಿಯರು ಇಟ್ಟ ಹೆಸರು ಪರೀಕ್ಷೆ ಮೇಷ್ಟ್ರು ಅಂತ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದರು.

ಇಂಥ ಮನುಷ್ಯ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದಕ್ಕೆ ಕಾರಣ ಒಂದು 'ಪಾಪ'. ಪಾಪ ಮಾಡಿದ್ದಲ್ಲ, ಅನ್ನಿಸಿಕೊಂಡದ್ದು. ಬಿದ್ದರೆ ಪೆಟ್ಟಾಗದಂತೆ ಬೀಳುವುದು ಹೇಗೆ ಎಂದು ವರ್ಷಾನುಗಟ್ಟಲೆ ಹುಡುಗಿಯರಿಗೆ ಕಲಿಸಿದ ಆಟದ ಮೇಡಂ ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಮಾರನೆಯ ದಿನ ಪ್ರಿನ್ಸಿಪಾಲ್ ಮೇಡಂ ಅಧ್ಯಾಪಕರ ಕೋಣೆಗೆ ಬಂದು, "ಟೂರ್ನಮೆಂಟ್ ಹತ್ರ ಬಂತು. ನಿಮ್ಮಲ್ಲಿ ಯಾರಾದ್ರೂ ಬ್ಯಾಸ್ಕೆಟ್‌ಬಾಲ್ ಆಡಿದ್ದೀರಾ?" ಎಂದು ಕೇಳಿದ್ದೇ ತಡ, ಅಲ್ಲಿದ್ದವರಿಗೆಲ್ಲ ತಮ್ಮ ತಮ್ಮ ಟೀ ಲೋಟದ ತಳದಲ್ಲಿ ಏನೋ ಕಂಡಿತು. ಕೊನೆಗೆ ಭೌತಶಾಸ್ತ್ರದ ಮೇಡಂ ಬಾಯಿ ಬಿಟ್ಟರು.

"ನಮ್ಮ ಪರೀಕ್ಷೆ ಮೇಷ್ಟ್ರು ಉದ್ದ ಇದ್ದಾರೆ. ಆದ್ರೆ ಪಾಪ, ಅವರು ಆಟ ಗೀಟ ಆಡಿದವರಲ್ಲ."

ಆ 'ಪಾಪ' ಮೇಷ್ಟ್ರಿಗೆ ಚುಚ್ಚಿತು. "ಯಾಕ್ರೀ ಆಡಿಲ್ಲ? ಕಾಲೇಜ್ ಟೀಮಲ್ಲಿ ನಾನು ಫಾರ್ವರ್ಡ್ ಆಗಿದ್ದೆ!" ಅಂದುಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಜ ಹೇಳಬೇಕೆಂದರೆ, ಅವರ ಕಾಲೇಜು ದಿನಗಳಲ್ಲಿ ತಂಡದ ಗ್ರೂಪ್ ಫೋಟೊ ತೆಗೆಯುವಾಗ ಒಬ್ಬ ಆಟಗಾರ ಜ್ವರ ಬಂದು ಮಲಗಿದ್ದ. ಸಾಲು ಒಂದು ಕಡೆ ಕುಂಟಿದಂತೆ ಕಾಣುತ್ತದೆಂದು ಫೋಟೊದವನು ಹಟ ಹಿಡಿದು, ದಾರಿಯಲ್ಲಿ ಹೋಗುತ್ತಿದ್ದ ಈ ಉದ್ದನೆಯ ಪ್ರಾಣಿಯನ್ನು ಎಳೆದು ತಂದು ಅಂಗಿ ತೊಡಿಸಿ ನಿಲ್ಲಿಸಿದ್ದ. ಜ್ವರ ಬಂದವನು ಫಾರ್ವರ್ಡ್. ಆಟದ ಜೊತೆ ಮೇಷ್ಟ್ರಿಗಿದ್ದ ನಂಟು ಅಷ್ಟೇ. ಆದರೆ ಆ ಫೋಟೊ ಮನೆಯ ಗೋಡೆಯ ಮೇಲೆ ಎಷ್ಟೋ ವರ್ಷದಿಂದ ತೂಗಿ ತೂಗಿ, ಈಗ ಅವರಿಗೇ ಅರ್ಧ ನಂಬಿಕೆ ಬಂದಿತ್ತು.

ಪ್ರಿನ್ಸಿಪಾಲ್ ಮೇಡಂ ಅಲ್ಲೇ ಸೀಟಿಯನ್ನು ಅವರ ಕೈಗಿಟ್ಟರು. ಬಾಗಿಲ ಹತ್ತಿರ ಹೋಗಿದ್ದವರು ತಿರುಗಿ ಬಂದು, ಧ್ವನಿ ತಗ್ಗಿಸಿ, "ನಮ್ಮ ತಂಗಿ ಮಗಳೂ ಟೀಮಲ್ಲಿದ್ದಾಳೆ. ಎತ್ತರದ ಹುಡುಗಿ. ಅವಳಿಗೂ ಫಾರ್ವರ್ಡ್ ಅಂದ್ರೆ ಆಸೆ. ನಾನು ಹೇಳ್ದೆ ಅಂತ ಅಲ್ಲ..." ಅಂದರು. ನಾನು ಹೇಳಿದೆ ಅಂತಲ್ಲ ಎಂದು ಮೇಲಧಿಕಾರಿ ಹೇಳಿದರೆ ಅದರ ಅರ್ಥವೇನು ಎಂಬುದು ನೌಕರಿ ಮಾಡಿದ ಯಾರಿಗೂ ಗೊತ್ತು.

"ಆಗ್ಲಿ ಬಿಡಿ ಮೇಡಂ" ಅಂದರು ಮೇಷ್ಟ್ರು.

ಸಂಜೆ ಮನೆಗೆ ಬರುವಷ್ಟರಲ್ಲಿ ಮಹಡಿ ಮೇಲಿನ ಮನೆ ಓನರ್ ಮೆಟ್ಟಿಲಲ್ಲೇ ಕಾದಿದ್ದರು. ಬಾಡಿಗೆ ಹೆಚ್ಚಿಸುವ ದಿನ ಬಿಟ್ಟು ಮತ್ತೆಂದೂ ನಗದ ಮನುಷ್ಯ ಅವತ್ತು ಹಲ್ಲು ಬಿಟ್ಟು ನಗುತ್ತಿದ್ದರು. "ಮೇಷ್ಟ್ರೇ, ಕೋಚ್ ಆದ್ರಂತೆ! ನಮ್ಮ ಹುಡುಗಿ ಆ ಟೀಮಲ್ಲೇ ಅಲ್ವಾ ಇರೋದು. ಬೆಂಚಲ್ಲಿ ಕೂತು ಕೂತು ಮಂಕಾಗಿದ್ದಾಳೆ. ಮುಂದೆ ನಿಂತು ಗೋಲ್ ಹಾಕ್ತಾರಲ್ಲ, ಆ ಜಾಗ ಕೊಡಿ. ನಾವೂ ನೀವೂ ಒಂದೇ ಮನೇವ್ರ ಥರ ಇದ್ದೀವಿ." ಬ್ಯಾಸ್ಕೆಟ್‌ಬಾಲಿನಲ್ಲಿ ಗೋಲ್ ಅನ್ನುವುದಿಲ್ಲ ಎಂದು ತಿದ್ದಬಹುದಿತ್ತು. ಅದು ಮೇಷ್ಟ್ರಿಗೂ ಖಚಿತವಿರಲಿಲ್ಲ. ಆಗ್ಲಿ ಬಿಡಿ ಅಂದರು.

ಮೂರನೆಯದಂತೂ ಅವರ ತಪ್ಪೇ ಅಲ್ಲ. ಹಿಂದಿನ ದವಡೆಯ ಹಲ್ಲಿಗೆ ಬೇರಿನ ಚಿಕಿತ್ಸೆ ನಡೆಯುತ್ತಿತ್ತು. ಹಲ್ಲಿನ ಡಾಕ್ಟರು ಬಾಯಲ್ಲಿ ಎರಡು ಸಲಕರಣೆ, ಒಂದು ಹತ್ತಿಯುಂಡೆ, ನೀರೆಳೆಯುವ ನಳಿಕೆ ಎಲ್ಲ ತುರುಕಿದ ಮೇಲೆ, "ಮೇಷ್ಟ್ರೇ, ನಮ್ಮ ಹುಡುಗಿಗೆ ಫಾರ್ವರ್ಡ್ ಕೊಡ್ತೀರಲ್ವಾ?" ಎಂದು ಕೇಳಿ ಯಂತ್ರವನ್ನು ಗುಂಯ್ಯೆನ್ನಿಸಿದರು. ಆ ಸ್ಥಿತಿಯಲ್ಲಿ ಎಂಥ ಸತ್ಯಸಂಧನಾದರೂ ತಲೆ ಆಡಿಸಬೇಕಾದದ್ದು ಮೇಲೆ ಕೆಳಗೇ ಹೊರತು ಅತ್ತಿತ್ತ ಅಲ್ಲ.

ತಂಡದಲ್ಲಿ ಮೊದಲಿನಿಂದಲೂ ಇಬ್ಬರು ಫಾರ್ವರ್ಡ್ ಇದ್ದರು, ತಮ್ಮ ಪಾಡಿಗೆ ಆಡಿಕೊಂಡಿದ್ದ ಸಾಧು ಹುಡುಗಿಯರು. ಅವರನ್ನು ತೆಗೆಯಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಇಬ್ಬರು, ಮತ್ತೆ ಮೂವರು, ಒಟ್ಟು ಐವರು. ಆಡುವುದೂ ಐವರೇ! ಲೆಕ್ಕ ಇಷ್ಟು ಚೊಕ್ಕವಾಗಿ ಕೂತದ್ದು ನೋಡಿ ಮೇಷ್ಟ್ರಿಗೆ ರೋಮಾಂಚನವಾಯಿತು. ಮಾರನೆಯ ದಿನ ಅಧ್ಯಾಪಕರ ಕೋಣೆಯಲ್ಲಿ ಸಿದ್ಧಾಂತವನ್ನೇ ಮಂಡಿಸಿದರು. "ಅಂಗಡೀಲಿ ಎರಡು ಕೌಂಟರ್ ಇದ್ದಾಗ ಇಷ್ಟು ವ್ಯಾಪಾರ ಆಗುತ್ತೆ ಅಂದ್ರೆ, ಐದು ಕೌಂಟರ್ ತೆಗೆದ್ರೆ ಎಷ್ಟಾಗ್ಬೇಕು? ಪಾಯಿಂಟ್ ತರೋರು ಫಾರ್ವರ್ಡ್‌ಗಳು. ಎಲ್ಲರನ್ನೂ ಫಾರ್ವರ್ಡ್ ಮಾಡಿಬಿಟ್ರೆ? ಇಷ್ಟು ದಿನ ಇದು ಯಾರಿಗೂ ಹೊಳೀಲಿಲ್ವಲ್ಲ!"

"ಐದು ಕೌಂಟರ್ ಸರಿ, ಮಾಲು ಒಂದೇ ಚೆಂಡಲ್ವಾ ಸಾರ್?" ಅಂದರು ಭೌತಶಾಸ್ತ್ರದ ಮೇಡಂ.

"ಅದು ನಿಮ್ಮ ಶಾಸ್ತ್ರದ ಪ್ರಶ್ನೆ" ಎಂದು ಮೇಷ್ಟ್ರು ತಳ್ಳಿಹಾಕಿದರು.

ಈ ಚೊಕ್ಕ ಲೆಕ್ಕದಲ್ಲಿ ಹೊರಗುಳಿದವರಲ್ಲಿ ಒಬ್ಬಳು ಮೇಷ್ಟ್ರ ಮಗಳು. ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ತಂಡದಲ್ಲಿ ಅವಳು ಗಾರ್ಡ್, ಅಂದರೆ ಹಿಂದಿನಿಂದ ಚೆಂಡನ್ನು ಪುಟಿಸಿಕೊಂಡು ಬಂದು ಯಾರಿಗೆ ಯಾವಾಗ ಕೊಡಬೇಕೆಂದು ನೋಡಿ ಕೊಡುವವಳು. ಅವಳನ್ನು ಬಿಡುವುದು ಮೇಷ್ಟ್ರಿಗೆ ಕಷ್ಟವೆನಿಸಲಿಲ್ಲ. ಹೊರಗಿನವರಿಗೆ ಆಗಲ್ಲ ಅನ್ನುವುದು ಕಷ್ಟ, ಮಗಳಾದರೆ ಮನೆಯವಳು, ಅರ್ಥ ಮಾಡಿಕೊಳ್ಳುತ್ತಾಳೆ.

ಮಗಳು ಅರ್ಥ ಮಾಡಿಕೊಳ್ಳಲಿಲ್ಲ.

"ನಿನ್ನ ಹಾಕಿದ್ರೆ ಜನ ಏನಂತಾರೆ ಹೇಳು? ಕೋಚ್ ಆದ ತಕ್ಷಣ ಮಗಳನ್ನ ತುರುಕಿದ ಅಂತಾರೆ" ಅಂದರು ಮೇಷ್ಟ್ರು.

"ಅಪ್ಪಾ, ನೀನು ಕೋಚ್ ಆಗೋಕೆ ಮುಂಚಿಂದ್ಲೂ ನಾನು ಆಡ್ತಿದ್ದೀನಿ! ಹೋಗ್ಲಿ, ಚೆಂಡು ಮುಂದಕ್ಕೆ ಯಾರು ತರ್ತಾರೆ?"

"ಯಾರೋ ಒಬ್ರು ತರ್ತಾರೆ ಬಿಡು. ಐದು ಜನ ಇದ್ದಾರಲ್ಲ."

ಒಳಗಿನಿಂದ ಹೆಂಡತಿಯ ದನಿ ಬಂತು. "ಎಲ್ಲರೂ ಪಲ್ಲಕ್ಕಿ ಹತ್ತಿ ಕೂತ್ರೆ ಹೊರೋರು ಯಾರ್ರೀ?"

"ಇದು ನನ್ನ ಕೊನೇ ಟೂರ್ನಮೆಂಟು" ಅಂದಳು ಮಗಳು. "ಮುಂದಿನ ವರ್ಷ ನಾನು ಕಾಲೇಜಲ್ಲೇ ಇರಲ್ಲ. ನಿಂಗೆ ಅದೂ ನೆನಪಿಲ್ವಾ?"

ಆಮೇಲೆ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಜಗಳ ಆಡಲಿಲ್ಲ, ಬಾಗಿಲು ಬಡಿಯಲಿಲ್ಲ, ಸುಮ್ಮನೆ ಮಾತು ನಿಲ್ಲಿಸಿದಳು. ಅಪ್ಪ ನೀರು ಕೇಳಿದರೆ, "ಅಮ್ಮಾ, ಕೋಚ್ ಸಾಹೇಬ್ರಿಗೆ ಬಾಯಾರಿಕೆಯಂತೆ" ಎಂದು ಅಡುಗೆಮನೆಗೆ ವರದಿ ಒಪ್ಪಿಸುತ್ತಿದ್ದಳು. ಎರಡು ದಿನ ತಡೆದುಕೊಂಡರೆ ತಾನೇ ಸರಿಹೋಗುತ್ತಾಳೆ ಎಂದುಕೊಂಡಿದ್ದರು ಮೇಷ್ಟ್ರು.

ಮೊದಲ ಪಂದ್ಯ ಬಂತು. ಫಾರ್ವರ್ಡುಗಳ ಬಂಧುಬಳಗವೆಲ್ಲ ಮುಂದಿನ ಸಾಲಿನಲ್ಲಿ ಕೂತಿತ್ತು. ಪ್ರಿನ್ಸಿಪಾಲ್ ಮೇಡಂ, ಮನೆ ಓನರ್, ಹಲ್ಲಿನ ಡಾಕ್ಟರು ಒಬ್ಬರ ಪಕ್ಕ ಒಬ್ಬರು. ತಮ್ಮ ಹುಡುಗಿಯೊಬ್ಬಳೇ ಹೊಸ ಫಾರ್ವರ್ಡ್ ಎಂದು ಮೂವರೂ ನಂಬಿದ್ದರಿಂದ ಮೂವರ ಮುಖದಲ್ಲೂ ಉಳಿದಿಬ್ಬರ ಮೇಲೆ ಒಂದಷ್ಟು ಕರುಣೆಯಿತ್ತು.

ಸೀಟಿ ಹೊಡೆದ ತಕ್ಷಣ ಮೇಷ್ಟ್ರ ಐವರೂ ಎದುರಾಳಿಯ ಬುಟ್ಟಿಯ ಕೆಳಗೆ ಓಡಿಹೋಗಿ ಕೈಯೆತ್ತಿ ನಿಂತರು. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ತೊಂದರೆಯಿದೆ, ಚೆಂಡು ತಾನಾಗಿ ನಡೆದು ಬರುವುದಿಲ್ಲ. ಎದುರಾಳಿಗಳು ಬುಟ್ಟಿಗೆ ಹಾಕಿದಾಗಲೆಲ್ಲ ಇವರಲ್ಲೊಬ್ಬಳು ಗೆರೆಯಾಚೆ ನಿಂತು ಚೆಂಡನ್ನು ಒಳಗೆ ಎಸೆಯಬೇಕು. ಎಸೆಯುವವಳು ಒಂದು ತುದಿಯಲ್ಲಿ, ಹಿಡಿಯಬೇಕಾದ ನಾಲ್ವರು ಇನ್ನೊಂದು ತುದಿಯಲ್ಲಿ. ನಡುವೆ ಎದುರಾಳಿಗಳು ಆರಾಮವಾಗಿ ನಿಂತು, ಮರದಿಂದ ಬಿದ್ದ ಹಣ್ಣು ಆರಿಸುವಂತೆ ಚೆಂಡು ಆರಿಸಿಕೊಂಡರು. ಅಪ್ಪಿತಪ್ಪಿ ಚೆಂಡು ಮುಂದಕ್ಕೆ ತಲುಪಿದರೂ ಬುಟ್ಟಿಯ ಕೆಳಗೆ ಇವರು ಐವರು, ಇವರನ್ನು ಕಾಯುವ ಐವರು, ಹತ್ತು ಜನ ಕೊನೆಯ ಬಸ್ಸಿನ ಬಾಗಿಲಿನಲ್ಲಿದ್ದಂತೆ ಮೈಗೆ ಮೈ ಒತ್ತಿ ನಿಂತಿದ್ದರು. ಚೆಂಡು ಎಸೆಯಲು ಕೈಯೆತ್ತಿದರೆ ಕೈ ಯಾರದ್ದೋ ಗಲ್ಲಕ್ಕೆ ತಾಗುತ್ತಿತ್ತು.

ಹಲ್ಲಿನ ಡಾಕ್ಟರ ಮಗಳು ಮಾತ್ರ ಆಗಾಗ ಆ ಗುಂಪಿನಿಂದ ಜಾರಿ ದೂರದ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಏನೇ ಆಡು, ಮುಂದಿನ ಹಲ್ಲಿಗೆ ಮೊಣಕೈ ತಾಗಿಸಿಕೊಂಡು ಮಾತ್ರ ಬರಬೇಡ ಎಂದು ಮನೆಯಲ್ಲಿ ಅಪ್ಪಣೆಯಾಗಿತ್ತು. ಹೀಗಾಗಿ ಚಿಕ್ಕಂದಿನಿಂದಲೂ ದೂರ ನಿಂತು ಎಸೆದೇ ಅವಳಿಗೆ ಅಭ್ಯಾಸ. ಮೇಷ್ಟ್ರಿಗೆ ಅದು ಶಿಸ್ತಿನ ಉಲ್ಲಂಘನೆಯಾಗಿ ಕಂಡಿತು. "ಮುಂದೆ ಹೋಗಮ್ಮಾ! ಫಾರ್ವರ್ಡ್ ನೀನು! ಮುಂದೆ!" ಎಂದು ಕೂಗಿ ಕೂಗಿ ಒಳಗೆ ಕಳಿಸಿದರು. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು ಹೋಗಿ ಗುಂಪಿನಲ್ಲಿ ಗೋವಿಂದ ಆದಳು.

ಎಷ್ಟು ಪಾಯಿಂಟಿನಿಂದ ಸೋತರು ಎಂಬುದನ್ನು ಇಲ್ಲಿ ಹೇಳದಿರುವುದೇ ಮರ್ಯಾದೆ. ಅಂಕ ಬರೆಯುತ್ತಿದ್ದ ಹುಡುಗಿ ಇವರ ಕಡೆಯ ಅಂಕಣವನ್ನು ಬಿಟ್ಟು ಕೈ ಬೆರಳಲ್ಲೇ ಲೆಕ್ಕ ಇಟ್ಟುಕೊಂಡಿದ್ದಳು.

ಸೋತ ಮೇಲೆ ನೆಂಟರ ಸರದಿ. "ನಮ್ಮ ಹುಡುಗಿ ಬುಟ್ಟಿ ಕೆಳಗೆ ಸರಿಯಾಗೇ ನಿಂತಿದ್ಲು. ಚೆಂಡೇ ಬರ್ಲಿಲ್ಲ. ಉಳಿದೋರನ್ನ ಸ್ವಲ್ಪ ವಿಚಾರಿಸಿ" ಅಂದರು ಪ್ರಿನ್ಸಿಪಾಲ್ ಮೇಡಂ. ಓನರ್ ಮಾತೇ ಆಡಲಿಲ್ಲ, ನಲ್ಲಿಯಲ್ಲಿ ನೀರು ಬರುವುದು ನಿಂತಿತು. ಮೇಲೆ ಹೋಗಿ ಕೇಳಿದರೆ, "ಮೋಟಾರು ಸುಸ್ತಾಗಿದೆ ಮೇಷ್ಟ್ರೇ. ನಮ್ಮ ಹುಡುಗಿ ಪಕ್ಕ ಆ ಎತ್ತರದವಳನ್ನ ನಿಲ್ಲಿಸಿದ್ರೆ ಇವಳು ಯಾರಿಗೆ ಕಾಣ್ತಾಳೆ ಹೇಳಿ?" ಅಂದರು. ಹಲ್ಲಿನ ಡಾಕ್ಟರು ಹಲ್ಲಿಗೆ ತಾತ್ಕಾಲಿಕವಾಗಿ ಏನೋ ಮೆತ್ತಿ, "ಮುಂದಿನ ಪಂದ್ಯ ಆಗ್ಲಿ, ಆಮೇಲೆ ಮುಚ್ಚೋಣ" ಎಂದು ಕಳಿಸಿದರು. ಮೂವರಿಗೂ ಮೇಷ್ಟ್ರು ಕೊಟ್ಟ ಉತ್ತರ ಒಂದೇ, "ನೋಡೋಣ ಬಿಡಿ." ಹೀಗೆ ಎಲ್ಲವನ್ನೂ ಕೂಲಂಕಷವಾಗಿ ನೋಡಿ ಎರಡನೆಯ ಪಂದ್ಯಕ್ಕೂ ಅದೇ ಐವರನ್ನು ಇಳಿಸಿದರು.

ಅದನ್ನೂ ಸೋತರೆ ತಂಡ ಟೂರ್ನಮೆಂಟಿನಿಂದ ಹೊರಗೆ. ಅಂದರೆ ಮಗಳ ಕೊನೆಯ ಆಟ ಬೆಂಚಿನ ಮೇಲೆ ಕೂತೇ ಮುಗಿಯುತ್ತಿತ್ತು. ಅವಳು ಬೆಂಚಿನ ತುದಿಯಲ್ಲಿ ಕೂತು ಶೂ ಲೇಸು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ಅರ್ಧ ಆಟ ಮುಗಿಯುವಷ್ಟರಲ್ಲಿ ಎದುರಾಳಿಗಳು ಎಲ್ಲೋ ಮುಂದೆ ಹೋಗಿಬಿಟ್ಟಿದ್ದರು. ಮೇಷ್ಟ್ರ ಹೆಂಡತಿ ಜನರ ನಡುವೆ ದಾರಿ ಮಾಡಿಕೊಂಡು ಕೆಳಗಿಳಿದು ಬಂದರು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಕೇಳಿದ್ದೆ ಕಣ್ರೀ. ಅಂಥವರನ್ನೇ ಕಟ್ಕೊಂಡಿದ್ದೀನಿ ಅಂತ ಗೊತ್ತಿರ್ಲಿಲ್ಲ. ಒಂದ್ಸಲ ಅವಳ ಮುಖ ನೋಡಿ."

ಮೇಷ್ಟ್ರು ನೋಡಿದರು. ಮಗಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಯಾರೋ ಪರಿಚಯವಿಲ್ಲದವರನ್ನು ನೋಡುವಂತೆ ಅಪ್ಪನನ್ನೊಮ್ಮೆ ನೋಡಿ ಮತ್ತೆ ಲೇಸಿಗೆ ಕೈ ಹಾಕಿದಳು. ಇವಳು ಇನ್ನು ಮೇಲೆ ನನ್ನ ಜೊತೆ ಮಾತಾಡದೇ ಹೋದರೆ ಎನ್ನಿಸಿ ಮೇಷ್ಟ್ರು ನಿಜವಾಗಿ ಹೆದರಿದರು.

"ಏಳಮ್ಮಾ, ಹೋಗು, ಆಡು!" ಎಂದು ಅವಳ ಬೆನ್ನಿಗೆ ಕೈ ಹಾಕಿ ಅಂಗಳಕ್ಕೆ ತಳ್ಳಿಯೇಬಿಟ್ಟರು.

ಇಲ್ಲಿ ಮೇಷ್ಟ್ರ ವೃತ್ತಿಯ ಒಂದು ಗುಟ್ಟು ಹೇಳಬೇಕು. ಪರೀಕ್ಷೆ ಶುರುವಾದ ಮೇಲೆ ಜಾಗವಿಲ್ಲದ ಹುಡುಗಿಯೊಬ್ಬಳು ಬಂದು ನಿಂತರೆ ಅವರು ಕೂತವರನ್ನು ಎಬ್ಬಿಸಿದವರಲ್ಲ. ಪಕ್ಕದ ಕೋಣೆಯಿಂದ ಇನ್ನೊಂದು ಬೆಂಚು ತರಿಸಿ ಹಾಕುತ್ತಿದ್ದರು. ಅದೇ ಅಭ್ಯಾಸಬಲದಿಂದ ಇಲ್ಲೂ ಯಾರನ್ನೂ ಹೊರಗೆ ಕರೆಯದೆ ಮಗಳನ್ನು ಒಳಗೆ ಬಿಟ್ಟರು. ಅಂಕ ಬರೆಯುವವಳು ನೀರು ಕುಡಿಯುತ್ತಿದ್ದಳು. ಬಿಡುವು ಮುಗಿದು ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ರೆಫರಿ ಓಡುತ್ತಾ ಓಡುತ್ತಾ ನಿಂತು, ಬೆರಳು ಮಡಿಸಿ ಎಣಿಸಿ, ನಂಬಿಕೆಯಾಗದೆ ಇನ್ನೊಂದು ಸಲ ಎಣಿಸಿ, ಕಿವಿ ಒಡೆಯುವಂತೆ ಸೀಟಿ ಊದಿದ.

"ಯಾರ್ರೀ ಇಲ್ಲಿ ಕೋಚು? ಆರು ಜನ ಆಡಿಸ್ತಿದ್ದೀರಲ್ಲ!"

"ಒಬ್ಳು ಜಾಸ್ತಿ, ಅಷ್ಟೇ ಅಲ್ವಾ ಸಾರ್? ಹೇಗೋ ಸುಧಾರಿಸ್ಕೊಳ್ಳಿ" ಅಂದರು ಮೇಷ್ಟ್ರು.

ರೆಫರಿ ತನ್ನ ಬದುಕಿನಲ್ಲಿ ಬಹಳ ಜಗಳ ಕಂಡಿದ್ದವನು, ಇಂಥ ವಿನಂತಿ ಕಂಡಿರಲಿಲ್ಲ. ದಂಡವಾಗಿ ಎದುರಾಳಿಗಳಿಗೆ ಒಂದು ಎಸೆತ ಕೊಟ್ಟ. ಅದು ಸಲೀಸಾಗಿ ಬುಟ್ಟಿಗೆ ಬಿದ್ದು ಅವರ ಲೆಕ್ಕಕ್ಕೆ ಇನ್ನೊಂದು ಪಾಯಿಂಟ್ ಸೇರಿತು. ಆಮೇಲೆ ಮೇಷ್ಟ್ರ ಎದುರಿಗೆ ಬಂದು ನಿಂತ. "ಈಗ ಹೇಳಿ, ಯಾರು ಹೊರಗೆ ಬರ್ತಾರೆ? ಹೊಸದಾಗಿ ಬಂದವಳಾ?"

ಹಿಂದಿನಿಂದ ಪ್ರಿನ್ಸಿಪಾಲ್ ಮೇಡಂ ಗಂಟಲು ಸರಿಮಾಡಿಕೊಂಡರು. ಓನರ್ ಬೀಗದ ಕೈ ಗೊಂಚಲನ್ನು ಒಮ್ಮೆ ಕುಲುಕಿದರು. ಡಾಕ್ಟರು ಏನೂ ಮಾಡಲಿಲ್ಲ, ಆದರೂ ಮೇಷ್ಟ್ರ ಹಲ್ಲು ತಾನಾಗಿ ನೋಯತೊಡಗಿತು. ನೌಕರಿ, ಮನೆ, ಹಲ್ಲು. ವಾಣಿಜ್ಯಶಾಸ್ತ್ರದ ಪ್ರಕಾರ ಇವುಗಳಲ್ಲಿ ಅಗ್ಗದ್ದು ಹಲ್ಲು. ಡಾಕ್ಟರ ಮಗಳ ಕಡೆ ಬೆರಳು ಎತ್ತಲು ಹೊರಟೇ ಇದ್ದರು.

ಅಷ್ಟರಲ್ಲಿ, ಇಷ್ಟು ದಿನದಲ್ಲಿ ಮೊದಲ ಸಲ, ಯಾರ ಮಗಳು ಯಾರು ಎಂಬುದನ್ನು ಬಿಟ್ಟು ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿದರು. ಪ್ರಿನ್ಸಿಪಾಲರ ತಂಗಿ ಮಗಳು ಬುಟ್ಟಿಯ ಕೆಳಗೆ. ಓನರ್ ಮಗಳು ಅವಳ ಭುಜಕ್ಕೆ ಭುಜ ಅಂಟಿಸಿ ಅಲ್ಲೇ. ಪರೀಕ್ಷೆಯಲ್ಲಾಗಿದ್ದರೆ ಇಷ್ಟು ಹತ್ತಿರ ಕೂರಲು ಮೇಷ್ಟ್ರು ಬಿಡುತ್ತಿದ್ದರೇ? ಒಬ್ಬಳ ಜಾಗದಲ್ಲಿ ಇಬ್ಬರು! ಡಾಕ್ಟರ ಮಗಳಾದರೆ ಪಾಪ, ಮತ್ತೆ ದೂರದ ಮೂಲೆಗೆ ಜಾರಿ ಒಂಟಿಯಾಗಿ ನಿಂತಿದ್ದಳು.

"ಅವಳು" ಅಂದರು ಮೇಷ್ಟ್ರು. ಬೆರಳು ಓನರ್ ಮಗಳ ಕಡೆಗಿತ್ತು.

ಆ ಹುಡುಗಿ ಏದುಸಿರು ಬಿಡುತ್ತಾ ಓಡಿಬಂದು, "ಅಬ್ಬಾ, ಬದುಕಿಸಿದ್ರಿ ಸಾರ್" ಎಂದು ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಅವಳಪ್ಪ ಮಾತ್ರ ಎದ್ದು ನಿಂತು, "ಸಂಜೆ ಮೇಲಕ್ಕೆ ಬನ್ನಿ ಮೇಷ್ಟ್ರೇ, ಸ್ವಲ್ಪ ಮಾತಾಡೋದಿದೆ" ಎಂದು ಹೊರಟುಹೋದರು.

ಒಂದು ಸಲ ಬೆರಳೆತ್ತಿದ ಮೇಲೆ ಮೇಷ್ಟ್ರಿಗೆ ಧೈರ್ಯ ಬಂತು. ಪರೀಕ್ಷೆ ಕೋಣೆಯ ಗಂಟಲೇ ಹೊರಗೆ ಬಂತು. "ದೂರ ದೂರ! ಒಬ್ಬರ ಪಕ್ಕ ಒಬ್ಬರು ಕೂರ್ಬೇಡಿ! ಏ ಮೂಲೆಯವಳೇ, ನೀನು ಅಲ್ಲೇ ಇರು, ಮುಂದೆ ಬಂದೀಯ ಜೋಕೆ!" ಓಡುತ್ತಿರುವವರಿಗೆ ಕೂರಬೇಡಿ ಎನ್ನುತ್ತಾನಲ್ಲ ಎಂದು ಎದುರಾಳಿಯ ಕೋಚ್ ಗೊಂದಲಕ್ಕೆ ಬಿದ್ದ. ಹುಡುಗಿಯರಿಗೆ ಅರ್ಥವಾಯಿತು. ಎಷ್ಟೆಂದರೂ ಅವರ ಕೈಕೆಳಗೆ ಪರೀಕ್ಷೆ ಬರೆದವರು.

ಎತ್ತರದವಳೊಬ್ಬಳೇ ಬುಟ್ಟಿಯ ಹತ್ತಿರ, ಹಳೆಯ ಫಾರ್ವರ್ಡುಗಳು ಎಡಕ್ಕೊಬ್ಬಳು ಬಲಕ್ಕೊಬ್ಬಳು, ಡಾಕ್ಟರ ಮಗಳು ಮೂಲೆಯಲ್ಲಿ. ಅವಳು ದೂರದಿಂದ ಎರಡು ಸಲ ಎಸೆದು ಎರಡೂ ಬುಟ್ಟಿಗೆ ಬಿದ್ದದ್ದೇ, ಎದುರಾಳಿಗಳಲ್ಲೊಬ್ಬಳು ಅವಳನ್ನು ಕಾಯಲು ಅಷ್ಟು ದೂರ ಹೋಗಬೇಕಾಯಿತು. ಅವಳು ಹೋದ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಮೇಷ್ಟ್ರ ಮಗಳು ಚೆಂಡು ಪುಟಿಸಿಕೊಂಡು ಸರ್ರನೆ ನುಗ್ಗಿದಳು. ತಡೆಯಲು ಯಾರಾದರೂ ಬಂದರೆ ಬಂದವಳು ಬಿಟ್ಟ ಹುಡುಗಿಗೆ ಚೆಂಡು, ಯಾರೂ ಬರದಿದ್ದರೆ ತಾನೇ ಬುಟ್ಟಿಗೆ. ಹಿಂದೆ ಬಿದ್ದಿದ್ದ ಲೆಕ್ಕ ಹತ್ತಿರ ಹತ್ತಿರ ಬಂತು. ಪ್ರಿನ್ಸಿಪಾಲ್ ಮೇಡಂ ಕುರ್ಚಿ ಹತ್ತಿ ನಿಂತರು. ಡಾಕ್ಟರು ಹಲ್ಲು ಕಚ್ಚಿ ಕೂತರು, ರೋಗಿಗಳಿಗೆ ಅವರು ಮಾಡಬೇಡಿ ಅನ್ನುವುದು ಅದನ್ನೇ. ಮೇಷ್ಟ್ರು ಮಾತ್ರ ಕೂಗುವುದನ್ನೂ ಮರೆತು ಬಾಯಿ ತೆರೆದು ಮಗಳನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಅವಳು ಆಡುವುದನ್ನು ಅವರು ಕೂತು ನೋಡಿರಲೇ ಇಲ್ಲ. ಇವಳು ನನ್ನ ಮಗಳೇ ಎಂದು ಅವರಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಕೊನೆಯ ಸೀಟಿ ಊದಿದಾಗ ಇವರು ಸೋತಿದ್ದರು. ಒಂದೇ ಒಂದು ಪಾಯಿಂಟಿನಿಂದ.

ಆ ಒಂದು ಪಾಯಿಂಟ್ ಎಲ್ಲಿಂದ ಬಂತೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮೇಷ್ಟ್ರು ಖಾಲಿ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರು. ಜನ ಚದುರಿದರು. ಹೆಂಡತಿ ನೆರೆಮನೆಯವರ ಜೊತೆ ಆಟೊ ಹತ್ತಿ ಹೋದರು. ಎಷ್ಟೋ ಹೊತ್ತಿನ ಮೇಲೆ ಎದುರಿಗೆ ಒಂದು ಜೊತೆ ಶೂ ಬಂದು ನಿಂತಿತು.

"ಆರು ಜನರನ್ನ ಆಡಿಸ್ತಾರೇನಪ್ಪಾ?" ಅಂದಳು ಮಗಳು.

ಮೇಷ್ಟ್ರು ಮೇಲೆ ನೋಡಲೇ ಇಲ್ಲ, ಎಲ್ಲಿ ಮಾತು ನಿಂತುಬಿಡುತ್ತದೋ ಎಂದು.

"ಬುಟ್ಟಿ ಕೆಳಗೆ ಸಂತೆ ಸೇರಿಸಿದ್ಯಲ್ಲ! ಚೆಂಡು ಹೋಗೋಕೆ ಸಂದಿ ಬೇಡ್ವಾ? ಮೂಲೆಯಿಂದ ಹಾಕೋಳನ್ನ ಒಳಗೆ ಅಟ್ಟಿದ್ಯಲ್ಲ, ಕಣ್ಣು ಕಾಣಲ್ವಾ ನಿಂಗೆ? ಮೊದಲ್ನೇ ಮ್ಯಾಚಿಂದ ಹೀಗೆ ಆಡ್ಸಿದ್ರೆ ನಾವು ಎಲ್ಲಿರ್ತಿದ್ವಿ ಗೊತ್ತಾ?"

ಬೈಗುಳ ಮೈದಾನದ ಗೇಟು ದಾಟಿತು. ಸ್ಕೂಟರಿನ ಹತ್ತಿರ ಬಂದರೂ ನಿಲ್ಲಲಿಲ್ಲ. ಮೇಷ್ಟ್ರು ಕೀಲಿ ಹಾಕಿದವರು, ಒಂದು ಕ್ಷಣ ಯೋಚಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

"ಪೆಟ್ರೋಲ್ ಖಾಲಿಯಾಗಿದೆ ಕಣಮ್ಮ. ನೂಕ್ಕೊಂಡು ಹೋಗ್ಬೇಕು."

"ಅದೂ ನೋಡ್ಕೊಳ್ಳೋಕೆ ಆಗಲ್ವಾ ನಿಂಗೆ!" ಎಂದು ಅವಳು ಹಿಂದಿನಿಂದ ಕೈ ಕೊಟ್ಟು ನೂಕುತ್ತಾ ಬೈಯುವುದನ್ನು ಮುಂದುವರಿಸಿದಳು. "ನಿಜ ಹೇಳು, ನೀನು ಯಾವತ್ತಾದ್ರೂ ಫಾರ್ವರ್ಡ್ ಆಡಿದ್ಯಾ?" ಎಂದು ಕೇಳಿದಾಗ ಮೇಷ್ಟ್ರಿಗೆ ಸ್ಕೂಟರ್ ಇದ್ದಕ್ಕಿದ್ದಂತೆ ಬಹಳ ಭಾರವಾಗಿ ಮುಕ್ಕಿರಿಯಬೇಕಾಯಿತು. ಹತ್ತಿರದ ದಾರಿ ಎಡಕ್ಕಿತ್ತು. ಅವರು ಬಲಕ್ಕೆ ತಿರುಗಿಸಿದರು. ಮಗಳು ಬೈಯುತ್ತಲೇ ಇದ್ದಳು, ಅವರು ಹೂಂ ಹೂಂ ಅನ್ನುತ್ತಾ ನೂಕುತ್ತಲೇ ಇದ್ದರು. ಟ್ಯಾಂಕಿನಲ್ಲಿ ಪೆಟ್ರೋಲು ಅರ್ಧಕ್ಕಿಂತ ಹೆಚ್ಚೇ ಇತ್ತು.